ಕೊಯ್ಲು ಮುಗಿಯದ ಸೈಟು

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ನನ್ನ ಮೈದುನ, ಗಂಡನ ತಮ್ಮ ಮುನಿವೆಂಕಟಪ್ಪ ಜಿಗಣಿಯ ಕಂಪನಿ ಬಸ್ಸುಗಳ ಮುಂದೆ ಜೋಡಿ ಎತ್ತು ಹೊಡೆದುಕೊಂಡು ನಡುರಸ್ತೆಯಲ್ಲೇ ಹೋಗುತ್ತಿದ್ದ. ಹಾರನ್ ಹೊಡೆದರೆ ತಿರುಗಿಯೂ ನೋಡುತ್ತಿರಲಿಲ್ಲ. "ಎತ್ಗೆ ಬ್ರೇಕ್ ಲೈಟ್ ಇಲ್ಲ ಸಾರ್, ಬಾಲ ನೋಡ್ಕಂಡ್ ಬನ್ನಿ" ಅನ್ನುತ್ತಿದ್ದ.

ಒಳ್ಳೆಯವನೇನಲ್ಲ. ಎಲೆ ಅಡಿಕೆ ಕೇಳಿದರೆ ತನ್ನ ಚೀಲ ಮುಚ್ಚಿ ನನ್ನ ಚೀಲಕ್ಕೆ ಕೈ ಹಾಕುವವನು. ಮನುಷ್ಯರನ್ನೂ ದನ ನೋಡಿದ ಹಾಗೇ ನೋಡುವನು. ನನ್ನ ಮಗನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪನ ಎದುರಿಗೇ, "ನಡಿಗೆ ಚೆಂದಾಗೈತೆ, ಹಾಯೋ ಬುದ್ಧಿ ಇಲ್ಲ" ಅಂದಿದ್ದ. ಆ ಮದುವೆ ಹೇಗೆ ಆಯಿತೋ ನನಗಿನ್ನೂ ಗೊತ್ತಿಲ್ಲ.

ಅವನ ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋಗಿ ಎತ್ತು ಮಾತ್ರ ಉಳಿದಿದ್ದವು. "ಈ ವರ್ಷ ಮೇವಿಲ್ಲ ಅಂದ್ರೆ ಎತ್ತು ಮಾರ್ಬಿಡ್ತೀನಿ ಕಣಪ್ಪ" ಎಂದು ಅವನ ಮಗ ಹೇಳಿದ. ಮುನಿವೆಂಕಟಪ್ಪ ಆಷಾಢದ ಮಳೆ ಬಿದ್ದದ್ದೇ ರಟ್ಟಿನ ಡಬ್ಬದ ಫ್ಯಾಕ್ಟರಿ ಹಿಂದೆ ಯಾರದೋ ಖಾಲಿ ಸೈಟಿಗೆ ನೇಗಿಲು ಹೂಡಿ ರಾಗಿ ಬಿತ್ತಿಬಿಟ್ಟ.

ತೆನೆ ಕಟ್ಟುವ ಹೊತ್ತಿಗೆ ಸೈಟಿನ ಯಜಮಾನ ಹೆಂಡತಿಯ ಜೊತೆ ಕಾರಿನಲ್ಲಿ ಬಂದ. ಹಿಂದೆಯೇ ಜೆಸಿಬಿ.

"ಯಾರ್ರೀ ಇದನ್ನ ಬೆಳೆದಿದ್ದು?"

"ಭೂಮ್ತಾಯಿ ಸಾರ್. ನಾನ್ ಬರೀ ಬೀಜ ಚೆಲ್ದೆ. ಈಗ ತುಂಬಿದ್ ಬಸ್ರಿ ಇದ್ದಂಗವ್ಳೆ. ಬಸ್ರಿ ಮೇಲೆ ಜೆಸಿಬಿ ಹತ್ತಿಸ್ತೀರಾ?"

ಹೆಂಡತಿ ಕಾರಿನ ಗಾಜು ಇಳಿಸಿ, "ಬೇಡಾರೀ, ಕೊಯ್ಲಾಗೋವರ್ಗೂ ಬಿಡಿ" ಅಂದಳು.

"ಕೊಯ್ಲಾಗೋವರ್ಗೆ, ಅಷ್ಟೇ" ಎಂದು ಯಜಮಾನ ಬೆರಳು ತೋರಿಸಿ ಹೋದ.

ಕಾರ್ತಿಕದಲ್ಲಿ ರಾಗಿ ಕೊಯ್ದು ಹುಲ್ಲು ಮನೆಗೆ ಬಂತು. ಯಜಮಾನನೂ ಬಂದ. ಕೂಳೆಯ ನಡುವೆ ಸಾಲುಸಾಲು ಅವರೆ ಹೂ ಬಿಟ್ಟಿತ್ತು.

"ಇದೇನು?"

"ಅಕ್ಕಡಿ ಸಾಲು ಸಾರ್. ರಾಗಿ ನಡುನಡುವೆ ಹಾಕ್ತೀವಿ. ಕೊಯ್ಲು ಇನ್ನೂ ಮುಗ್ದಿಲ್ವಲ್ಲ."

ಯಜಮಾನ ಸಂಕ್ರಾಂತಿಗೆ ಬಂದ. ಅವರೆ ಮುಗಿದು ತೊಗರಿ ನಿಂತಿತ್ತು. ಮತ್ತೆ ಬಂದಾಗ ಹರಳುಗಿಡ ಗೊಂಚಲು ಬಿಟ್ಟಿತ್ತು. ಅವರೆಕಾಯಿ, ತೊಗರಿಕಾಯಿ ಚೀಲವನ್ನು ಮೈದುನ ಕಾರಿನಲ್ಲಿ ಕೂತ ಹೆಂಡತಿಯ ತೊಡೆಯ ಮೇಲೆ ಇಳಿಸಿಬಿಟ್ಟಿದ್ದರಿಂದ ಅವನು ಕೂಗಾಡುವಂತೆಯೂ ಇರಲಿಲ್ಲ. "ಇನ್ನೇನೇನ್ ಹಾಕಿದ್ದೀರಾ, ಒಂದೇ ಸಲ ಹೇಳ್ಬಿಡಿ" ಎಂದು ಕೈ ಮುಗಿದ.

"ಬೇಕೂಂತಲೇ ಮಾಡಿದ್ಯಾ?" ಎಂದು ನಾನು ಮೈದುನನನ್ನು ಕೇಳಿದೆ.

"ನಮ್ಮಪ್ಪ ಇಂಗೇ ಬಿತ್ತಿದ್ದು ಅತ್ಗೆಮ್ಮ. ಅವ್ನು ಯಾವ್ ಜೆಸಿಬಿ ನೋಡಿದ್ದ?" ಅಂದ. ಮೀಸೆಯಡಿ ನಗುತ್ತಿದ್ದ, ಕಳ್ಳ.

ಯುಗಾದಿ ಕಳೆದ ಮೇಲೆ ಹರಳನ್ನೂ ಕಿತ್ತದ್ದಾಯಿತು. ಮೊದಲ ಮಳೆ ಬಿದ್ದ ಸಂಜೆ ಕೊಟ್ಟಿಗೆಯಲ್ಲಿ ಕುಸಿದು ಕೂತ ಮುನಿವೆಂಕಟಪ್ಪ ಮತ್ತೆ ಏಳಲಿಲ್ಲ. ಮಣ್ಣು ಮಾಡುವಾಗ ಸೈಟಿನ ಯಜಮಾನನೂ ಹಾರ ತಂದ. ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಸೈಟಲ್ಲಿ ಇನ್ನೇನೂ ಇಲ್ವಲ್ಲಾ?" ಅಂದ.

"ಏನೂ ಇಲ್ಲ ಸಾರ್" ಅಂದೆ. ಇದ್ದದ್ದನ್ನೇ ಹೇಳಿದೆ.

ಅವನು ಹೋದ ಮೇಲೆ ಮೈದುನನ ಮಗ, "ಇನ್ನು ಎತ್ತು ಯಾಕೆ ದೊಡ್ಡಮ್ಮ? ಮೇವಿಗೆ ಎಲ್ಲಿಗೆ ಹೋಗೋದು?" ಅಂದ.

ಮಾರನೇ ಬೆಳಗ್ಗೆ ನೆಲ ಹದವಾಗಿತ್ತು. "ಸೂತಕದಲ್ಲಿ ಬಿತ್ತನೆಯಾ ಅತ್ತೆ?" ಎಂದ ಸೊಸೆಯ ಕೈಗೇ ಬೀಜದ ಮಡಕೆ ಕೊಟ್ಟು ಆ ಸೈಟಿಗೆ ನಡೆದೆ. ಕುಡುಗೋಲಿನ ಮೊನೆಯಲ್ಲಿ ಗೆರೆ ಎಳೆದು ಎತ್ತಿನ ಮೇವಿಗೆಂದು ಅಲಸಂದೆ ಹಾಕಿದೆ. ನಡುನಡುವೆ ಸಾಲು ಬಿಟ್ಟು ಹರಳನ್ನೂ ಊರಿದೆ.