ಸುಂಕಕ್ಕನ ಮೂಗು

ಸುಂಕಕ್ಕ ಬ್ಯಾಟರಿ ಕೊಳ್ಳುವ ಮೊದಲು ಮೂಸುತ್ತಿದ್ದಳು. ಮೊಬೈಲಿನದಾಗಲಿ, ಹೊಲಕ್ಕೆ ಔಷಧಿ ಹೊಡೆಯುವ ಯಂತ್ರದ್ದಾಗಲಿ, ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೂಗಿನ ಹತ್ತಿರ ತರುವಳು. ಒಳಗಿನ ರಸ ಸೋರುತ್ತಿದ್ದರೆ ಸಣ್ಣಗೆ ಸಿಹಿ ವಾಸನೆ ಬರುತ್ತದೆ. "ಹಣ್ಣಾಗೈತ್ರಿ ಇದು," ಎಂದು ಹಿತ್ತಲಿನ ಮರಳುಗುಂಡಿಯಲ್ಲಿ ಹೂತುಬಿಡುತ್ತಿದ್ದಳು. ಹಣ್ಣಾದದ್ದು ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು.

ರಾಯದುರ್ಗದಲ್ಲಿ ಅವಳ ಗುಜರಿ ಅಂಗಡಿಗೂ ನನ್ನ ಜೀನ್ಸ್ ಹೊಲಿಯುವ ಶೆಡ್ಡಿಗೂ ನಡುವೆ ಒಂದೇ ಗೋಡೆ. ನನ್ನ ಕಡೆ ಕತ್ತರಿಸಿ ಉಳಿದ ಬಟ್ಟೆ ಚೂರಿನ ರಾಶಿ, ಹನ್ನೆರಡು ಮಿಷಿನ್ನು, ಹನ್ನೆರಡು ಮಂದಿ ಹೆಂಗಸರು. ಒಂದು ಕಿಡಿ ಸಾಕಿತ್ತು. ಹಳೆಯ ಸೀಸದ ಬ್ಯಾಟರಿಗಳನ್ನು ಬಳ್ಳಾರಿಯವರು ಗಾಡಿ ತಂದು ಒಯ್ಯುತ್ತಿದ್ದರು. ಈ ಲಿಥಿಯಂ ಬ್ಯಾಟರಿಗಳನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅವನ್ನು ಬಿಡಿಸಿ ಲೋಹ ತೆಗೆಯುವವರು ಎಲ್ಲೋ ದೂರದಲ್ಲಿದ್ದಾರಂತೆ. ಅಲ್ಲಿಯವರೆಗೆ ಹೇರಿಕೊಂಡು ಹೋಗಲು ಲಾರಿಯವರು ಒಪ್ಪುತ್ತಿರಲಿಲ್ಲ.

"ಹಂಗಾದ್ರ ಯಾಕ ತಗೊಂತೀ ಅಕ್ಕಾ?" ಎಂದು ಒಮ್ಮೆ ಕೇಳಿದೆ.

"ನಾ ತಗೊಳ್ಳಿಲ್ಲಂದ್ರ ತಿಪ್ಪಿಗೆ ಒಗೀತಾರ. ಅದಽ ತಿಪ್ಪ್ಯಾಗ ಬಟ್ಟಿ ಚೂರು ಹಾಕಿ ಬೆಂಕಿ ಹಚ್ಚಾಂವ ಯಾರು? ನೀನಽ ಅಲ್ಲೇನು?"

ನಾನೇ.

ಗುಮ್ಮಘಟ್ಟದ ಕುರಿಗಾಹಿಗಳು ಟಾರ್ಚಿನ ಬ್ಯಾಟರಿ ತೋರಿಸಲಿಕ್ಕೆಂದೇ ಆಟೊ ಹತ್ತಿ ಬರುತ್ತಿದ್ದರು. "ವಾಸನ ಲೇದಪ್ಪಾ, ತೀಸ್ಕೋ," ಎಂದು ಅವಳು ತೆಲುಗಿನಲ್ಲಿ ಹೇಳಿ, ವಾಸನೆಯಿಲ್ಲದ್ದನ್ನು ವಾಪಸು ಕೊಟ್ಟರೆ, ಧೈರ್ಯವಾಗಿ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಊರಿನಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಮೂಗಿನದು.

ಒಂದು ಜ್ವರದಲ್ಲಿ ಮೂಗಿನ ಆ ಶಕ್ತಿ ಹೋಯಿತು. ಹಾಲು ಸೀದು ಪಾತ್ರೆ ಕರಕಲಾದರೂ ಅವಳು ಪಕ್ಕದಲ್ಲೇ ಕೂತಿದ್ದಳು. ಗೋಡೆಯಾಚೆಯಿಂದ ಓಡಿಬಂದು ಇಳಿಸಿದವನು ನಾನು.

"ಯಾರಿಗೂ ಹೇಳಬ್ಯಾಡ ತಮ್ಮಾ. ಇನ್ನಮ್ಯಾಲ ನೀನಽ ಮೂಸಬೇಕು," ಎಂದಳು.

ಆಮೇಲೆ ಬಂದವರಿಗೆಲ್ಲ "ಇಟ್ಟು ಹೋಗ್ರಿ, ಸಂಜಿಗೆ ಬರ್ರಿ" ಎನ್ನುವಳು. ಅವರು ಹೋದ ಮೇಲೆ ನನ್ನನ್ನು ಕೂಗುವಳು. ನಾನು ಮೂಸುವಾಗ ನನ್ನ ಮುಖವನ್ನೇ ನೋಡುತ್ತಿರುವಳು.

ಒಂದು ದಿನ ಆರ್ಡರ್ ಕಳಿಸುವ ಅವಸರದಲ್ಲಿದ್ದೆ. "ತಮ್ಮಾ, ಸ್ಕೂಟರಿಂದು ಒಂದು ಬಂದೈತಿ ನೋಡು," ಎಂದು ಕೂಗಿದಳು. ನಾನು ಬಾಗಿಲಲ್ಲೇ ನಿಂತೆ. ಬ್ಯಾಟರಿ ಪೆಟ್ಟಿಗೆ ನೆಲದ ಮೇಲಿತ್ತು. ಬಗ್ಗಿ ಮೂಸಲಿಲ್ಲ. "ವಾಸನಿಲ್ಲಕ್ಕಾ," ಎಂದು ಹೇಳಿ ಹಿಂತಿರುಗಿದೆ. ಅವಳು ಅದನ್ನು ಮರಳಿಗೆ ಹಾಕದೆ ನಮ್ಮ ನಡುವಿನ ಗೋಡೆಗೆ ಒತ್ತಿ ಇಟ್ಟಳು.

ಮಧ್ಯಾಹ್ನ ಬುಸ್ಸೆಂದು ಸದ್ದು ಬಂತು. ನಾನು ಹೆಂಗಸರನ್ನು ಹೊರಗೆ ಅಟ್ಟಿ ಆಚೆ ಓಡುವಷ್ಟರಲ್ಲಿ ಸುಂಕಕ್ಕ ಉರಿಯುತ್ತಿದ್ದ ಪೆಟ್ಟಿಗೆಯನ್ನು ತಗಡಿನ ಮೇಲೆ ಎಳೆದುಕೊಂಡು ಹೋಗಿ ಮರಳುಗುಂಡಿಗೆ ಕೆಡವಿದ್ದಳು. ಎರಡೂ ಕೈ ಸುಟ್ಟಿದ್ದವು. ಹೊಗೆ ಎದೆಗಿಳಿದಿತ್ತು. ನನ್ನ ಬಟ್ಟೆ ರಾಶಿಗೆ ಏನೂ ಆಗಲಿಲ್ಲ.

ಆಸ್ಪತ್ರೆಗೆ ಬಂದ ಪೊಲೀಸರಿಗೆ ಅವಳು, "ನಾನಽ ಮೂಸಿದ್ದೆರಿ. ಮೂಗು ಮೋಸ ಮಾಡ್ತು," ಎಂದಳು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಾಚಿಕೆಯಾಗಬೇಕಿತ್ತು, ಏನೂ ಆಗಲಿಲ್ಲ. ಜೋಮು ಹಿಡಿದ ಕೈಯನ್ನು ಚಿವುಟಿದ ಹಾಗಿತ್ತು. ಮುದುಕಿಯ ಮೂಗು ನಂಬಿ ಕೆಟ್ಟೆವು ಎಂದು ಜನ ಆಡಿಕೊಂಡರು. ಅಂಗಡಿಗೆ ಬೀಗ ಬಿತ್ತು. ಮರಳುಗುಂಡಿ ಈಗಲೂ ಹಾಗೇ ಇದೆ. ಒಳಗಿರುವುದನ್ನು ಒಯ್ಯುವವರು ಇನ್ನೂ ಬಂದಿಲ್ಲ.

ಅವಳು ಮಡಕಶಿರಾ ಕಡೆಯ ರೊಳ್ಳದಲ್ಲಿ ತಂಗಿಯ ಮನೆ ಸೇರಿದಳು, ಅಲ್ಲೇ ತೀರಿಕೊಂಡಳು. ಸುದ್ದಿ ಬಂದಾಗ ಜೀನ್ಸಿಗೆ ಜಿಪ್ ಹಚ್ಚುತ್ತಿದ್ದೆ. ಉಳಿದ ಜಿಪ್‌ಗಳನ್ನೂ ಹಚ್ಚಿ ಮುಗಿಸಿದೆ. ಅಳು ಇವತ್ತಿಗೂ ಬಂದಿಲ್ಲ.

ಅವಳು ಬದುಕಿದ್ದಾಗ ಒಮ್ಮೆ ರೊಳ್ಳಕ್ಕೆ ಹೋಗಿದ್ದೆ. ತಂಗಿ, "ಬಾರಪ್ಪ, ನಮ್ಮಕ್ಕ ದಿನಾ ನಿನ್ ಸುದ್ದೀನೇ ಯೋಳ್ತಿರ್ತಾಳೆ," ಎಂದು ಒಲೆಯ ಮೇಲೆ ಹಾಲಿಟ್ಟು, ರೇಷ್ಮೆಹುಳಕ್ಕೆ ಸೊಪ್ಪು ತರಲು ಹೊರಟಳು. ಸುಂಕಕ್ಕ ಮುದುಡಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು.

"ತಮ್ಮಾ, ಹಾಲು ತಳ ಹತ್ತೈತೇನು ನೋಡು," ಎಂದಳು.

ನಾನು ಎದ್ದು ಹೋಗಿ, ಮೊಣಕಾಲೂರಿ, ಪಾತ್ರೆಯ ಮೇಲಕ್ಕೆ ಮುಖ ತಂದು ಮೂಸಿದೆ. "ಇಲ್ಲಕ್ಕಾ," ಎಂದು ತಿರುಗಿದರೆ ಅವಳು ನನ್ನನ್ನೇ ನೋಡುತ್ತಿದ್ದಳು.

"ಹೂಂ. ಅಷ್ಟು ಬಗ್ಗಬೇಕು ನೋಡು," ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಹಾಲು ಉಕ್ಕಿತು. ಇಳಿಸಿದೆ.