ಎಮ್ಮೆಗಾಗಿ ಬಿಟ್ಟ ರೀಡಿಂಗ್

ಮೂರು ವರ್ಷದ ಹಿಂದೆ ನಾನು ತುಮಕೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹಿರಿಯ ಪ್ರೋಗ್ರಾಮರ್ ಆಗಿದ್ದೆ. ಗುಬ್ಬಿ ತಾಲ್ಲೂಕಿನ ಒಂದು ಕೆರೆಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಹಾಕಿದ್ದೆವು. ಕೆರೆ ಕೋಡಿ ಬೀಳುವಂತಿದ್ದರೆ ಕೆಳಗಿನ ತೋಟದವರ ಮೊಬೈಲಿಗೆ ಮೆಸೇಜ್ ಹೋಗಬೇಕು. ಕೆಲಸ ಅಷ್ಟೇ.

ಸೋಲಾರ್ ಸೆನ್ಸರ್ ಹಗಲು ಗಂಟೆಗೊಮ್ಮೆ ಅಳೆಯುತ್ತಿತ್ತು. ಮುಸ್ಸಂಜೆಗೆ ಪ್ರೋಗ್ರಾಮ್ ಇಡೀ ದಿನದ ರೀಡಿಂಗ್‌ಗಳ ಲಿಸ್ಟ್ ನೋಡಿ, ಮೆಸೇಜ್ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿತ್ತು. ತೊಂದರೆ ಬಂದದ್ದು ಎಮ್ಮೆಗಳಿಂದ. ಸಂಜೆ ಮೇದು ಬಂದು ನೀರಿಗಿಳಿದು ನೆಟ್ಟಗೆ ಸೆನ್ಸರ್ ಕೆಳಗೇ ಹೋಗಿ ನಿಲ್ಲುತ್ತಿದ್ದವು. ಮೇಲಿಂದ ನೋಡುವ ಸೆನ್ಸರ್‌ಗೆ ಎಮ್ಮೆಯ ಬೆನ್ನೇ ನೀರಿನ ಮಟ್ಟ. ಬೇಸಗೆಯಲ್ಲೂ ಕೋಡಿ ಬೀಳುತ್ತದೆಂದು ಮೆಸೇಜ್ ಹೋಗಿ ಊರವರು ನಕ್ಕರು. ನಮ್ಮ ತಂಡದ ಹರೀಶ ಕುಣಿಗಲ್ ಕಡೆಯವನು, ಎಮ್ಮೆ ಕಟ್ಟಿದ ಮನೆಯಲ್ಲೇ ಬೆಳೆದವನು. ಅವನು [:-1] ಎಂಬ ಸ್ಲೈಸ್ ಸೇರಿಸಿದ. ಲಿಸ್ಟಿನ ಕೊನೆಯದೊಂದನ್ನು, ಅಂದರೆ ಸಂಜೆಯ ರೀಡಿಂಗನ್ನು, ಬಿಟ್ಟು ಉಳಿದದ್ದೆಲ್ಲ ತೆಗೆದುಕೋ ಎಂದು ಅದರ ಅರ್ಥ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಆದರೆ ದೂರು ನಿಂತಿತು, ಎಲ್ಲರಿಗೂ ಅಷ್ಟೇ ಬೇಕಿತ್ತು.

ಆ ಮಳೆಗಾಲದಲ್ಲಿ ಕುರಿ ಸಾಕುವ ಶಿವಣ್ಣ, ಕೋಡಿಯ ಕೆಳಗಿನ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದ. ಮೇಲುಗಡೆ ಭಾರಿ ಮಳೆ ಬಂದು ಮಧ್ಯಾಹ್ನದ ಮೇಲೆ ಕೆರೆ ಏರಿತು. ತೋಟದವರಿಗೆ ಮೆಸೇಜ್ ಬರಲಿಲ್ಲವೆಂದು ಶಿವಣ್ಣ ಮಂದೆಯನ್ನು ಅಲ್ಲೇ ಬಿಟ್ಟ. ರಾತ್ರಿ ಕೋಡಿ ಬಿದ್ದು, ಬೆಳಗಾಗುವುದರೊಳಗೆ ಕುರಿಗಳೆಲ್ಲ ಕೊಚ್ಚಿಹೋಗಿದ್ದವು.

ಕಚೇರಿಯಲ್ಲಿ ಆ ದಿನದ ಲಿಸ್ಟ್ ತೆಗೆದೆ. ಕೊನೆಯ ರೀಡಿಂಗ್ ಒಂದೇ ಅಪಾಯದ ಮಟ್ಟ ದಾಟಿತ್ತು. ನೋಡಿ ನನಗೇನೂ ಅನ್ನಿಸಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದೆ. ಹರೀಶ ಏನೋ ಹೇಳುತ್ತಿದ್ದ, ಕೇಳಿಸಿಕೊಳ್ಳಲಿಲ್ಲ.

ಮರುದಿನ ತೋಟಕ್ಕೆ ಹೋದಾಗ ಶಿವಣ್ಣ ತೆಂಗಿನ ಬುಡದಲ್ಲಿ ಕೂತಿದ್ದ. ತೋಟವೆಲ್ಲ ಕೆಸರು.

"ಸಂಜೆ ನಿಮ್ ಕಂಪ್ಯೂಟರ್‌ಗೆ ಗೊತ್ತಾಗಿತ್ತಾ ಮೇಡಮ್ಮೋರೆ?"

"ಗೊತ್ತಾಗಿತ್ತು."

"ಮತ್ಯಾಕ್ ಹೇಳ್ನಿಲ್ಲ?"

"ಆ ಹೊತ್ತಲ್ಲಿ ಎಮ್ಮೆಗಳು ಬರ್ತವೆ ಅಂತ ಆ ರೀಡಿಂಗ್ ಬಿಟ್ಬಿಟ್ಟಿದ್ವಿ."

ಅವನು ಕೆರೆಯ ಕಡೆ ತಿರುಗಿದ. ದನಿ ಏರಿಸಲಿಲ್ಲ.

"ಅಂಥಾ ಮಳೇಲಿ ಎಮ್ಮೆ ಯಾರ್ ಹೊಡ್ಕೊಂಡ್ ಬತ್ತಾರೆ ಮೇಡಮ್ಮೋರೆ?"

ಈಗ ನಾನು ಹೊಸಬರಿಗೆ ಪಾಠ ಹೇಳುತ್ತೇನೆ. ಸ್ಲೈಸ್ ಮಾಡಿದರೆ ಮೂಲ ಲಿಸ್ಟ್‌ಗೆ ಏನೂ ಆಗುವುದಿಲ್ಲ, ಬಿಟ್ಟದ್ದು ಅಲ್ಲೇ ಇರುತ್ತದೆ ಎನ್ನುತ್ತೇನೆ. ಯಾವ ಕಾರಣಕ್ಕೆ ಬಿಟ್ಟಿರೋ ಆ ಕಾರಣ ಇವತ್ತೂ ಇದೆಯೇ ಎಂದು ನೋಡಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಅದು ನನ್ನ ಮಾತಲ್ಲ, ಕುರಿಗಳಿಲ್ಲದ ತೋಟದಲ್ಲಿ ಕೂತು ಶಿವಣ್ಣ ಕೇಳಿದ್ದು.