ಗಾಳಿಯಲ್ಲಿ ಕಂಡ ಕೆಂಪು ಗೆರೆ

ಬೀದರ್ ಕಡೆಯ ಸುಮಂಗಲಾ ಮದುವೆಯಾಗಿ ಹೈದರಾಬಾದಿಗೆ ಬಂದು, ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಭಾನುವಾರ ಮಧ್ಯಾಹ್ನ ಮಾತ್ರ ಪಟಾನ್‌ಚೆರುವಿನ ಕಾರ್ಖಾನೆಗಳ ಹಿಂದಿನ ಬಸ್ತಿಗೆ ಹೋಗಿ, ರಾಯಚೂರು, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳನ್ನು ತಗಡಿನ ಶೆಡ್ಡಿನಲ್ಲಿ ಕೂಡಿಸಿಕೊಳ್ಳುತ್ತಿದ್ದಳು. ಬೆಳಕಿನ ಪಾಠ ಹಲಗೆಯ ಮೇಲೆ ಬರೆದರೆ ಮಕ್ಕಳಿಗೆ ಆಕಳಿಕೆ. ಅದಕ್ಕೇ ಕೋಠಿ ಬಜಾರಿನಿಂದ ಲೇಸರ್, ಬೆಳಕು ಗುರುತಿಸುವ ಸೆನ್ಸರ್, ಸಣ್ಣ ಸ್ಪೀಕರ್ ತಂದು ಒಂದು ವಾದ್ಯ ಕಟ್ಟಿದಳು. ಒಂದು ಗೋಡೆಯಿಂದ ಹೊರಟ ಕೆಂಪು ಲೇಸರ್, ಯಾರ ಕಣ್ಣಿಗೂ ಬಡಿಯದಂತೆ ಮಕ್ಕಳ ತಲೆಯ ಮೇಲಿಂದ ಹಾದು, ಎದುರು ಗೋಡೆಯ ಸೆನ್ಸರಿಗೆ ಬೀಳುತ್ತಿತ್ತು. ಬೆಳಕು ಪೂರ್ತಿ ಬಿದ್ದರೆ ಸ್ವರ ಮೇಲೆ. ಎತ್ತಿದ ಕೈ ಅಡ್ಡ ಬಂದಷ್ಟೂ ಕೆಳಗೆ.

"ಬೆಳಕು ಹೋಗೂ ದಾರಿ ಕಾಣಂಗಿಲ್ಲ," ಅಂತ ಊದಿನಕಡ್ಡಿ ಹಚ್ಚಿ ತೋರಿಸಿದ್ದಳು. "ಹೊಗಿಗೆ ಬಡದಾಗಷ್ಟ ಕಾಣತೈತಿ, ನೋಡ್ರಿ."

ನವೆಂಬರಿನ ಒಂದು ಭಾನುವಾರ. ಗಾಳಿ ಪೂರ್ತಿ ಬಿದ್ದುಹೋಗಿತ್ತು. ಮಕ್ಕಳಲ್ಲೊಬ್ಬನಾದ ಹುಲಗೇಶ ಕೈಯೆತ್ತಿ ವಾದ್ಯ ಬಾರಿಸುತ್ತಿದ್ದ.

"ಟೀಚರ್, ಗೆರಿ ಕಾಣಾಕತ್ತೈತ್ರಿ," ಅಂದಳು ಹರ್ಷಿತಾ.

"ಊದಿನಕಡ್ಡಿ ಯಾರು ಹಚ್ಚೀರಿ?"

ಯಾರೂ ಹಚ್ಚಿರಲಿಲ್ಲ. ಧೂಳಿರಬೇಕೆಂದು ಸುಮಂಗಲಾ ಕಿಟಕಿ ಮುಚ್ಚಿದಳು. ಗೆರೆ ಮಾಯವಾಗಲಿಲ್ಲ, ದಪ್ಪವಾಯಿತು. ಹುಲಗೇಶ ಕೈ ಕೆಳಗಿಳಿಸಿದ. ಆದರೂ ಸ್ವರ ಮೇಲೇರಲಿಲ್ಲ. ತಾನಾಗಿಯೇ ಮೆಲ್ಲಗೆ ಇಳಿಯತೊಡಗಿತು.

"ದೆವ್ವ ಬಾರ್ಸಾಕತ್ತೈತಿ!" ಅಂತ ಮಕ್ಕಳು ನಕ್ಕರು.

ಸುಮಂಗಲಾಗೆ ನಗು ಬರಲಿಲ್ಲ. ಬೆಳಕಿಗೆ ಅಡ್ಡ ಬರುವಷ್ಟು ಏನೋ ಗಾಳಿಯಲ್ಲಿ ತುಂಬಿಕೊಳ್ಳುತ್ತಿತ್ತು. ಗಂಟಲು ಕೆರೆಯುತ್ತಿತ್ತು. ಆ ಬಸ್ತಿಯಲ್ಲಿ ದಿನವೂ ಏನಾದರೊಂದು ನಾತ ಇದ್ದೇ ಇರುವುದರಿಂದ ಮೂಗು ಯಾರನ್ನೂ ಎಚ್ಚರಿಸಿರಲಿಲ್ಲ.

"ಚೀಲ ಬಿಡ್ರಿ. ಕೈ ಕೈ ಹಿಡಕೊಂಡು ಹೊರಗ ನಡೀರಿ. ಓಡಬ್ಯಾಡ್ರಿ."

ಬಾಗಿಲು ತೆಗೆದರೆ ಕಾರ್ಖಾನೆಯ ಗೋಡೆ ದಾಟಿ ಬಿಳಿ ಹೊಗೆ ನೆಲದಿಂದ ಆಳೆತ್ತರಕ್ಕೆ ತುಂಬಿಕೊಂಡು ಬರುತ್ತಿತ್ತು. ಆಕೆ ಕೊಡದ ನೀರಿನಲ್ಲಿ ಸೆರಗು ತೋಯಿಸಿ ಚಿಕ್ಕವರ ಮೂಗಿಗೆ ಹಿಡಿದಳು. ಹೊಗೆಗೆ ಬೆನ್ನು ಹಾಕಿ, ಎಲ್ಲರನ್ನೂ ದೊಡ್ಡ ರಸ್ತೆಯ ಕಡೆ ನಡೆಸಿದಳು. ಹಿಂದೆ, ಖಾಲಿ ಶೆಡ್ಡಿನೊಳಗೆ ಸ್ವರ ಇಳಿದಿಳಿದು ನಾಯಿ ಗುರುಗುಟ್ಟಿದಂತೆ ಕೇಳುತ್ತಿತ್ತು.

ಮಕ್ಕಳೆಲ್ಲರ ಜೀವ ಉಳಿಯಿತು. ಹುಲಗೇಶನ ಕೆಮ್ಮು ಮಾತ್ರ ನಿಲ್ಲದೆ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬಸ್ತಿಯ ಜನ ಸಂಜೆತನಕ ರಸ್ತೆಯ ಬದಿಯಲ್ಲೇ ಕೂತರು. ಆಮೇಲೆ ಕಾರ್ಖಾನೆಯವನೊಬ್ಬ ಬಂದು, ವಾಲ್ವ್ ಸೋರಿತ್ತು, ಈಗ ಏನೂ ಇಲ್ಲ ಅಂದು ಹೋದ. ಜನ ಒಬ್ಬೊಬ್ಬರೇ ಎದ್ದು ಮನೆಯ ಕಡೆ ಹೊರಟರು.

ಹರ್ಷಿತಾಳ ಅಪ್ಪ ಅಮರೇಶಪ್ಪನನ್ನು ಸುಮಂಗಲಾ ತಡೆದಳು. "ಇವತ್ತೊಂದ ರಾತ್ರಿ ಬ್ಯಾಡ್ರೀ, ಅಣ್ಣಾ."

"ಮತ್ತ ಎಲ್ಲಿಗಿ ಹೋಗೂಣ್ರಿ, ಟೀಚರ್? ನಾಳಿ ಮುಂಜಾನಿ ನನ್ನ ಪಾಳಿ ಅದೇ ಕಾರ್ಖಾನ್ಯಾಗ ಐತಿ."

"ಹುಡಿಗೀನರ ನನ್ನ ಸಂಗಾಟ ಕಳಸ್ರಿ."

ಅಮರೇಶಪ್ಪ ಮಗಳ ಕೈ ಬಿಟ್ಟು, ಹೆಗಲ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಒಬ್ಬನೇ ಗಲ್ಲಿಯೊಳಕ್ಕೆ ನಡೆದ.